ಹೆಣ್ಣುಮಕ್ಕಳ ಮೈಗೆ ಅಂಕ ಹಾಕುವುದು ನಿಲ್ಲಲಿ: ಶಿವಮೊಗ್ಗ–ಭದ್ರಾವತಿ ಪೋಷಕರ ಹಕ್ಕೊತ್ತಾಯ ಪತ್ರ

ಗೆ,
ಉಪನಿರ್ದೇಶಕರು (ಆಡಳಿತ),
ಶಾಲಾ ಶಿಕ್ಷಣ ಇಲಾಖೆ, ಶಿವಮೊಗ್ಗ ಜಿಲ್ಲೆ.

ಪ್ರತಿಗಳು: ಜಿಲ್ಲಾಧಿಕಾರಿಗಳು, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಶಿವಮೊಗ್ಗ ಮತ್ತು ಭದ್ರಾವತಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ.

ವಿಷಯ: ಶಾಲೆಗಳಲ್ಲಿ ಹೆಣ್ಣುಮಕ್ಕಳ ಬಣ್ಣ, ತೂಕ, ಎತ್ತರಗಳನ್ನು ಹಿಡಿದು ಆಡುವ ಮಾತು, ಮಾಡುವ ತಾರತಮ್ಯ, ಹೇರುವ ನಿರೀಕ್ಷೆಗಳನ್ನು ನಿಲ್ಲಿಸುವ ಬಗ್ಗೆ.

ಮಾನ್ಯರೇ,

ಶಿವಮೊಗ್ಗ ನಗರ ಮತ್ತು ಭದ್ರಾವತಿಯ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳಲ್ಲಿ ಓದುತ್ತಿರುವ ಹೆಣ್ಣುಮಕ್ಕಳ ತಾಯಿ-ತಂದೆಯರು ನಾವು. ಈ ಪತ್ರದಲ್ಲಿ ಉಪಕಾರ ಕೇಳಿಲ್ಲ. ತಮ್ಮ ಕಚೇರಿಯಿಂದ ನಮ್ಮ ಮಕ್ಕಳಿಗೆ ಸಲ್ಲಬೇಕಾದ ಬಾಕಿಯನ್ನು ಕೇಳಿದ್ದೇವೆ.

ಶಾಲಾ ಚೀಲದ ಭಾರ ಮಗುವಿನ ತೂಕದ ಶೇ 10ನ್ನು ಮೀರಬಾರದು ಎಂದು ರಾಜ್ಯ ಸರ್ಕಾರ 2019ರಲ್ಲಿ ಆದೇಶಿಸಿತು. 2023ರಲ್ಲಿ ಸುತ್ತೋಲೆಯ ಮೂಲಕ ಮತ್ತೆ ನೆನಪಿಸಿತು. ಅದೇ ಮಗುವಿನ ತೂಕವನ್ನು ತರಗತಿಯೆದುರು ಕೂಗಿ ಹೇಳಬಾರದು ಎನ್ನುವ ಒಂದು ಸಾಲಿನ ಆದೇಶ ಮಾತ್ರ ನಮ್ಮ ಮಕ್ಕಳ ಶಾಲೆಗಳ ನೋಟಿಸ್ ಬೋರ್ಡಿಗೆ ಇಂದಿಗೂ ಬಂದಿಲ್ಲ. ಆರೋಗ್ಯ ತಪಾಸಣೆಯ ದಿನ ಜಗಲಿಯಲ್ಲಿ ತೂಕದ ಯಂತ್ರ ಇಡುತ್ತಾರೆ. ಏಳನೇ ತರಗತಿಯ ಹುಡುಗಿ ಚಪ್ಪಲಿ ಬಿಚ್ಚಿ ಹತ್ತುತ್ತಾಳೆ. ಒಬ್ಬರು ಮುಳ್ಳು ನೋಡಿ "ಐವತ್ತೆಂಟು" ಎನ್ನುತ್ತಾರೆ. ಮೇಜಿನ ಆಚೆ ಕುಳಿತವರು ಕೇಳಿಸಲಿಲ್ಲವೆಂದು ಇನ್ನೊಮ್ಮೆ ಜೋರಾಗಿ ಹೇಳಿಸಿ ರಿಜಿಸ್ಟರಿಗೆ ಬರೆದುಕೊಳ್ಳುತ್ತಾರೆ. ಸಾಲಿನಲ್ಲಿ ನಿಂತ ಹುಡುಗರಿಗೆ ಆ ವರ್ಷವಿಡೀ ಅವಳ ಹೆಸರು ಐವತ್ತೆಂಟು.

ಡುಮ್ಮಿ, ಕಡ್ಡಿ, ಕರಿ, ಕುಳ್ಳಿ, ಲಂಬು. ಹಾಜರಿ ಪುಸ್ತಕದಲ್ಲಿಲ್ಲದ ಈ ಹೆಸರುಗಳನ್ನು ಸಹಪಾಠಿಗಳಷ್ಟೇ ಅಲ್ಲ, ಪಾಠ ಹೇಳುವವರೂ ತಮಾಷೆಯೆಂದು ಬಳಸುತ್ತಾರೆ. ಮಧ್ಯಾಹ್ನ ಅರ್ಧ ಊಟ ಚೆಲ್ಲುವ, ಪಿ.ಟಿ. ಪೀರಿಯಡ್ಡಿಗೆ ಹೊಟ್ಟೆನೋವೆಂದು ತರಗತಿಯಲ್ಲೇ ಕೂರುವ, ಉತ್ತರ ಗೊತ್ತಿದ್ದರೂ ಎದ್ದು ನಿಲ್ಲಲು ಹಿಂಜರಿಯುವ ಹುಡುಗಿಯರು ಪ್ರತಿ ಶಾಲೆಯಲ್ಲೂ ಇದ್ದಾರೆ.

"ಬಿಸಿಲಲ್ಲಿ ಆಡಬೇಡ, ಕಪ್ಪಾಗ್ತೀಯ" ಎಂಬ ಮನೆಯ ಮಾತಿನ ಬೆನ್ನಿಗೇ "ಎಸ್‌ಎಸ್‌ಎಲ್‌ಸಿಯಲ್ಲಿ ಆರುನೂರು ದಾಟಲೇಬೇಕು" ಎಂಬ ಮಾತೂ ಬರುತ್ತದೆ. ಭದ್ರಾವತಿಯಲ್ಲಿ ಈ ಒತ್ತಡಕ್ಕೊಂದು ಚರಿತ್ರೆಯಿದೆ. 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು; 1923ರಲ್ಲಿ ಕೆಲಸ ಶುರುಮಾಡಿದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಅಜ್ಜನಿಗೂ ಅಪ್ಪನಿಗೂ ಸಿಕ್ಕಿದ್ದ ಕಾಯಂ ಕೆಲಸ ಮಕ್ಕಳ ಪಾಲಿಗಿಲ್ಲ. ಮನೆಯ ಆಸೆಯೆಲ್ಲ ಮಗಳ 625 ಅಂಕಗಳ ಮೇಲೆ ಬಿದ್ದಿದೆ. ಅದು ಕೈಕೊಟ್ಟರೆ ಒಳ್ಳೆಯ ಸಂಬಂಧದ ಮೇಲೆ, ಅಂದರೆ ಅವಳ ಬಣ್ಣ, ಮೈಕಟ್ಟಿನ ಮೇಲೆ.

ಎಷ್ಟೇ ಅಂಕ ತಂದರೂ ಈ ಲೆಕ್ಕ ಚುಕ್ತಾ ಆಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿ ಬೋರ್ಡ್ ಪರೀಕ್ಷೆಯಲ್ಲಿ ಶೇ 98.5 ಅಂಕ ಪಡೆದು ರಾಜ್ಯಕ್ಕೇ ಮೊದಲಿಗಳಾದ ಹುಡುಗಿಯ ಫೋಟೊ ಕಂಡವರು, ಅಂಕ ಬಿಟ್ಟು ಅವಳ ಮುಖದ ಕೂದಲನ್ನು ಹಿಡಿದು ಜಾಲತಾಣಗಳಲ್ಲಿ ಗೇಲಿ ಮಾಡಿದರು.

ಕಾನೂನು ಈ ವಿಷಯದಲ್ಲಿ ಬಾಯಿಬಿಟ್ಟು ಹೇಳಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ; 29ನೇ ಕಲಂ ಮಗು ಭಯ, ಆಘಾತ, ಆತಂಕಗಳಿಲ್ಲದೆ ಕಲಿಯಬೇಕು ಎನ್ನುತ್ತದೆ. ಮಗುವಿನ ಹೊಣೆ ಹೊತ್ತವರೇ ಅದನ್ನು ಹಿಂಸಿಸಿ ಅನಗತ್ಯ ಮಾನಸಿಕ ಯಾತನೆಗೆ ತಳ್ಳುವುದು ಬಾಲನ್ಯಾಯ ಕಾಯ್ದೆ 2015ರ 75ನೇ ಕಲಮಿನಡಿ ಅಪರಾಧ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಸುಪ್ರೀಂ ಕೋರ್ಟು 2025ರ ಜುಲೈ 25ರಂದು 15 ಮಾರ್ಗಸೂಚಿಗಳನ್ನು ಕೊಟ್ಟು, ಕಾನೂನು ಬರುವವರೆಗೆ ಎಲ್ಲ ಶಿಕ್ಷಣ ಸಂಸ್ಥೆಗಳೂ ಅವನ್ನು ಪಾಲಿಸತಕ್ಕದ್ದೆಂದು ಹೇಳಿದೆ. ಅನ್ಯಾಯ ಆಗಿದೆಯೋ ಇಲ್ಲವೋ ಎಂಬ ವಿಚಾರಣೆ ಇನ್ನು ಬೇಕಿಲ್ಲ. ಸಲ್ಲಬೇಕಾದ್ದನ್ನು ಕೆಳಗೆ ಎಣಿಸಿದ್ದೇವೆ.

ತರಗತಿಯ ಮಾತು

ಪಾಠ ಹೇಳುವವರ ಬಾಯಲ್ಲಿ ಬಂದ ಅಡ್ಡಹೆಸರನ್ನು ತರಗತಿ ಅಪ್ಪಣೆಯೆಂದೇ ತಿಳಿಯುತ್ತದೆ. ಆದ್ದರಿಂದ ಮೊದಲ ಬೇಡಿಕೆಗಳು ಶಿಕ್ಷಕರ ಮಾತಿಗೆ ಸಂಬಂಧಿಸಿದವು.

1. ವಿದ್ಯಾರ್ಥಿನಿಯ ಬಣ್ಣ, ತೂಕ, ಎತ್ತರ, ಕೂದಲು, ಹಲ್ಲು, ಮೊಡವೆ, ಮೈಯ ಬೆಳವಣಿಗೆ ಇವುಗಳಲ್ಲಿ ಯಾವುದರ ಬಗ್ಗೆಯೂ ಶಾಲೆಯ ಯಾರೊಬ್ಬರೂ ಟೀಕೆ, ತಮಾಷೆ, ಹೋಲಿಕೆ ಮಾಡಕೂಡದು ಎಂಬ ಲಿಖಿತ ಆದೇಶವನ್ನು ತಾವು 15 ದಿನಗಳೊಳಗೆ ಎರಡೂ ತಾಲ್ಲೂಕುಗಳ ಎಲ್ಲ ಶಾಲೆಗಳಿಗೆ ಕಳಿಸಬೇಕು.

2. ಮೈಯನ್ನು ಹಿಡಿದು ಇಟ್ಟ ಅಡ್ಡಹೆಸರಿನಿಂದ ಮಗುವನ್ನು ಕರೆಯುವುದನ್ನು, ಪ್ರೀತಿಯಿಂದ ಕರೆದೆವೆಂಬ ಸಮಜಾಯಿಷಿ ಇದ್ದರೂ, ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಮಾನಸಿಕ ಕಿರುಕುಳವೆಂದೇ ಪರಿಗಣಿಸಬೇಕು.

3. "ತಿನ್ನೋದರಲ್ಲಿ ಮಾತ್ರ ಮುಂದೆ" ಎಂಬಂತೆ ಕಲಿಕೆಯ ಹಿನ್ನಡೆಯನ್ನು ಮೈಗೆ ಗಂಟು ಹಾಕಿ ಬೈದ ದೂರು ಬಂದರೆ ಮುಖ್ಯ ಶಿಕ್ಷಕರು ಅಂದೇ ಲಿಖಿತ ವಿವರಣೆ ಪಡೆಯಬೇಕು.

4. ಎತ್ತರದ ನೆಪದಲ್ಲಿ ಒಬ್ಬಳೇ ಹುಡುಗಿಯನ್ನು ವರ್ಷವಿಡೀ ಕೊನೆಯ ಬೆಂಚಿನಲ್ಲಿ, ಕೊನೆಯ ಸಾಲಿನಲ್ಲಿ ಇಡದೆ, ಜಾಗವನ್ನು ಸರದಿಯಂತೆ ಬದಲಿಸಬೇಕು.

5. ಎಂಟನೇ ತರಗತಿ ವಿಜ್ಞಾನದ ಹದಿಹರೆಯದ ಪಾಠವನ್ನು "ಮನೇಲಿ ಓದ್ಕೊಳ್ಳಿ" ಎಂದು ದಾಟಿಸದೆ ಹುಡುಗ, ಹುಡುಗಿಯರಿಬ್ಬರಿಗೂ ಪೂರ್ತಿಯಾಗಿ ಕಲಿಸಬೇಕು.

6. ಸುಪ್ರೀಂ ಕೋರ್ಟು ಹೇಳಿರುವ, ವರ್ಷಕ್ಕೆ ಎರಡು ಬಾರಿಯ ಸಿಬ್ಬಂದಿ ತರಬೇತಿಯನ್ನು ಶಿವಮೊಗ್ಗದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಮೂಲಕ ನಡೆಸಿ, ಮೈಯ ಬಗೆಗಿನ ಗೇಲಿ ಮತ್ತು ಊಟ ಬಿಡುವ ಮಕ್ಕಳನ್ನು ಗುರುತಿಸುವ ಬಗೆಯನ್ನು ಅದರಲ್ಲಿ ಕಡ್ಡಾಯ ಪಾಠವಾಗಿಸಬೇಕು.

7. ಶಾಲಾ ವಾಹನದ ಚಾಲಕರು, ಆಯಾಗಳು, ಬಿಸಿಯೂಟದ ಸಿಬ್ಬಂದಿ, ನೃತ್ಯ ಕಲಿಸಲು ಬರುವ ಹೊರಗಿನವರು, ಎಲ್ಲರಿಗೂ ಇದೇ ಆದೇಶ ಅನ್ವಯಿಸಬೇಕು.

ತೂಕದ ಯಂತ್ರ ಮತ್ತು ತಪಾಸಣೆ

ಭದ್ರಾವತಿ ಕಬ್ಬಿಣ, ಕಾಗದ ತೂಗಿ ಬದುಕಿದ ಊರು. ಮಕ್ಕಳನ್ನು ಹಾಗೆ ತೂಗಿ ಕೂಗುವುದನ್ನು ನಾವು ಒಪ್ಪುವುದಿಲ್ಲ. ಮೈನೆರೆಯುವ ಆಸುಪಾಸಿನ ವರ್ಷಗಳಲ್ಲಿ ಹುಡುಗಿಯ ತೂಕ ಬೇಗ ಏರುವುದು, ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಬೆಳವಣಿಗೆಯ ಕ್ರಮವೇ ಹೊರತು ಸೋಮಾರಿತನದ ಗುರುತಲ್ಲ. ಇನ್ನೊಂದು ಬದಿಯಲ್ಲಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ತಪಾಸಣೆ ನಡೆಯಲೇಬೇಕು, ಅದು ಪ್ರದರ್ಶನವಾಗಬಾರದು.

8. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಹೆಣ್ಣುಮಕ್ಕಳ ತೂಕ, ಎತ್ತರಗಳನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಕರೆದು, ಮಹಿಳಾ ಸಿಬ್ಬಂದಿಯೇ ಅಳೆಯಬೇಕು.

9. ಅಳತೆಯನ್ನು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆದು, ಮುಚ್ಚಿದ ಲಕೋಟೆಯಲ್ಲಿ ಪೋಷಕರಿಗೆ ತಲುಪಿಸಬೇಕು.

10. ಅಂಕಪಟ್ಟಿಯಲ್ಲಿ ಹಾಜರಿಯ ಪಕ್ಕ ಮುದ್ರಿಸುವ ತೂಕ, ಎತ್ತರದ ಕಾಲಂಗಳನ್ನು ತೆಗೆದು ಆ ವಿವರವನ್ನು ಪ್ರತ್ಯೇಕ ಆರೋಗ್ಯ ಕಾರ್ಡಿಗೆ ವರ್ಗಾಯಿಸಬೇಕು.

11. ದೊಡ್ಡವರ ಬಿಎಂಐ ಪಟ್ಟಿಯನ್ನು ಮಕ್ಕಳ ಮೇಲೆ ಹೇರದೆ, ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವಯಸ್ಸಿಗೆ ತಕ್ಕ ಬೆಳವಣಿಗೆಯ ಪಟ್ಟಿಯನ್ನೇ ಬಳಸಬೇಕು.

12. ಕುತ್ತಿಗೆಯ ಸುತ್ತ ಕಪ್ಪು ಪಟ್ಟಿ ಕಂಡ ಹುಡುಗಿಗೆ "ಸರಿಯಾಗಿ ತೊಳ್ಕೊಂಡು ಬಾ" ಎಂದು ಎಲ್ಲರೆದುರು ಹೇಳುವುದನ್ನು ಬಿಟ್ಟು, ಅದು ಇನ್ಸುಲಿನ್ ಏರುಪೇರಿನ ಗುರುತಾಗಿರಬಹುದೆಂದು ಪೋಷಕರಿಗೆ ಖಾಸಗಿಯಾಗಿ ತಿಳಿಸಿ ವೈದ್ಯರ ಬಳಿ ಕಳಿಸಬೇಕು.

13. ಮುಖದ ಮೇಲೆ ಕೂದಲು, ವಿಪರೀತ ಮೊಡವೆ, ಮುಟ್ಟಿನ ಏರುಪೇರು ಇರುವ ಹುಡುಗಿಯರಿಗೆ ಹದಿಹರೆಯದವರ ಸ್ನೇಹ ಕ್ಲಿನಿಕ್‌ಗಳಲ್ಲಿ, ಅಗತ್ಯವಿದ್ದರೆ ಮೆಗ್ಗಾನ್ ಆಸ್ಪತ್ರೆಯಲ್ಲಿ, ಶಾಲೆ ತಪ್ಪದ ಸಮಯದಲ್ಲಿ ತಪಾಸಣೆ ಸಿಗುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ದಿನ ಗೊತ್ತುಮಾಡಬೇಕು.

14. ಕಬ್ಬಿಣಾಂಶದ ಮಾತ್ರೆ ನುಂಗಿದರೆ ದಪ್ಪಗಾಗುತ್ತೇವೆ, ಕಪ್ಪಾಗುತ್ತೇವೆ ಎಂಬ ಅಂಜಿಕೆಯನ್ನು ಮಾತ್ರೆ ಹಂಚುವ ಮೊದಲು ಆರೋಗ್ಯ ಸಿಬ್ಬಂದಿಯೇ ವಿವರಿಸಿ ಬಿಡಿಸಬೇಕು.

ವೇದಿಕೆ, ಫೋಟೊ, ಫ್ಲೆಕ್ಸ್

ಶಾಲೆಗೆ ಅತಿಥಿ ಬಂದರೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲಲು ಬೆಳ್ಳಗಿನ, ತೆಳ್ಳಗಿನ ಹುಡುಗಿಯರನ್ನೇ ತರಗತಿಯಿಂದ ಎಬ್ಬಿಸಿ ಕರೆದೊಯ್ಯುತ್ತಾರೆ. ಅಕ್ಕಮಹಾದೇವಿಯ ಊರು ಉಡುತಡಿ ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಮೈಯ ಚೆಲುವನ್ನು ಕಂಡು ಬಂದವರನ್ನು ಧಿಕ್ಕರಿಸಿ ಅಲ್ಲಿಂದ ಹೊರಟ ಅಕ್ಕನ ವೇಷಕ್ಕೂ ನಮ್ಮ ಶಾಲೆಗಳು ಬಣ್ಣ ನೋಡಿಯೇ ಹುಡುಗಿಯನ್ನು ಆರಿಸುತ್ತವೆ. ಐಡಿ ಕಾರ್ಡಿನ ಫೋಟೊವನ್ನೂ ಸ್ಟುಡಿಯೊದವರು ಬೆಳ್ಳಗೆ ಮಾಡಿ ಕೊಡುತ್ತಾರೆ. ತನ್ನ ಮುಖ ತಿದ್ದುಪಡಿಗೆ ಒಳಪಟ್ಟಿದೆಯೆಂದು ಮಗುವಿಗೆ ಅಲ್ಲೇ ತಿಳಿಯುತ್ತದೆ. ರೂಪದರ್ಶಿಯ ಮೈಕಟ್ಟನ್ನು ತಿದ್ದಿದ ಜಾಹೀರಾತು ಚಿತ್ರಕ್ಕೆ ಹಾಗೆಂದು ಬರೆದೇ ಪ್ರಕಟಿಸಬೇಕೆಂಬ ನಿಯಮ ಫ್ರಾನ್ಸಿನಲ್ಲಿ 2017ರಿಂದಲೇ ಇದೆ.

15. ಅತಿಥಿಗಳ ಸ್ವಾಗತಕ್ಕೆ ವಿದ್ಯಾರ್ಥಿನಿಯರನ್ನು ರೂಪ ನೋಡಿ ಆರಿಸಿ ಸಾಲು ನಿಲ್ಲಿಸುವ ಪದ್ಧತಿ ಎಲ್ಲ ಶಾಲೆಗಳಲ್ಲೂ ನಿಲ್ಲಬೇಕು.

16. ಸ್ಕೂಲ್ ಡೇ ನೃತ್ಯಗಳಲ್ಲಿ ಮುಂದಿನ ಸಾಲು, ಹಿಂದಿನ ಸಾಲು ಬಣ್ಣದ ಮೇಲೆ ತೀರ್ಮಾನವಾಗದೆ ಎಲ್ಲರೂ ಸರದಿಯಲ್ಲಿ ಮುಂದೆ ಬರುವಂತೆ ಸಂಯೋಜಿಸಬೇಕು.

17. ನಾಟಕದಲ್ಲಿ ರಾಕ್ಷಸಿಯ ಪಾತ್ರ ಕಪ್ಪು ಹುಡುಗಿಗೆ, ರಾಣಿಯ ಪಾತ್ರ ಬಿಳಿ ಹುಡುಗಿಗೆ ಎಂಬ ಹಂಚಿಕೆ ಹೋಗಿ, ಪಾತ್ರಗಳು ಓದು ಮತ್ತು ಅಭಿನಯ ನೋಡಿ ಸಿಗಬೇಕು.

18. ಪ್ರತಿಭಾ ಕಾರಂಜಿಯ ತೀರ್ಪುಗಾರರಿಗೆ ಕೊಡುವ ಸೂಚನೆಯಲ್ಲಿ ಮಗುವಿನ ಬಣ್ಣ, ಮೈಕಟ್ಟು, ದುಬಾರಿ ವೇಷಭೂಷಣಗಳಿಗೆ ಅಂಕವಿಲ್ಲವೆಂದು ಸ್ಪಷ್ಟವಾಗಿ ಬರೆಯಬೇಕು.

19. ಐಡಿ ಕಾರ್ಡು, ಗುಂಪು ಫೋಟೊ, ವಾರ್ಷಿಕ ಸಂಚಿಕೆಗಳಲ್ಲಿ ಮಕ್ಕಳ ಮೈಬಣ್ಣವನ್ನು ತಿದ್ದಕೂಡದೆಂದು ಶಾಲೆಗಳು ಸ್ಟುಡಿಯೊದವರಿಗೆ ಲಿಖಿತವಾಗಿ ತಿಳಿಸಬೇಕು.

20. ಎಸ್‌ಎಸ್‌ಎಲ್‌ಸಿ ಫಲಿತಾಂಶದ ನಂತರ ಶಾಲೆ ಮತ್ತು ಟ್ಯೂಷನ್ ಕೇಂದ್ರಗಳು ಹಾಕುವ ಫ್ಲೆಕ್ಸ್‌ಗಳಲ್ಲಿ ಹುಡುಗಿ ಮತ್ತು ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಫೋಟೊವೂ ಇರಕೂಡದು.

21. ಶಾಲೆಯ ಜಾಲತಾಣ ಪುಟಗಳಲ್ಲಿ ವಿದ್ಯಾರ್ಥಿನಿಯರ ಚಿತ್ರಕ್ಕೆ ಬಂದ ಹೀಯಾಳಿಕೆಯ ಟಿಪ್ಪಣಿಗಳನ್ನು ಕಂಡ ದಿನವೇ ಅಳಿಸುವ, ಅಗತ್ಯವಿದ್ದರೆ ಪೊಲೀಸರಿಗೆ ದೂರು ಕೊಡುವ ಹೊಣೆಯನ್ನು ಒಬ್ಬ ಶಿಕ್ಷಕಿಗೆ ವಹಿಸಬೇಕು.

ಆಟ, ಊಟ, ಸಮವಸ್ತ್ರ

ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ, ಇದೇ ಭದ್ರಾವತಿಯಲ್ಲಿ. 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲೇ 137 ರನ್ ಹೊಡೆದ ಅವರ ಕುಳ್ಳುತನ ಊರಿಗೆ ಹೆಮ್ಮೆಯ ಕತೆ. ಅದೇ ಊರಿನ ಕುಳ್ಳಗಿನ, ದಪ್ಪಗಿನ ಹುಡುಗಿಗೆ ಮೈದಾನದ ಅಂಚಿನಲ್ಲಿ ಚಪ್ಪಲಿ ಕಾಯುವ ಕೆಲಸ ಸಿಗುತ್ತದೆ.

22. ವೇಳಾಪಟ್ಟಿಯಲ್ಲಿರುವ ಪಿ.ಟಿ. ಪೀರಿಯಡ್ಡನ್ನು ಗಣಿತ, ವಿಜ್ಞಾನಗಳಿಗೆ ಬಿಟ್ಟುಕೊಡದೆ ಹತ್ತನೇ ತರಗತಿಯವರೆಗೂ ಎಲ್ಲ ಹುಡುಗಿಯರಿಗೆ ಆಟಕ್ಕೇ ಮೀಸಲಿಡಬೇಕು.

23. ಶಾಲಾ ತಂಡದ ಆಯ್ಕೆಗೆ ಹೆಸರು ಕೊಟ್ಟ ಯಾವ ಹುಡುಗಿಯನ್ನೂ ಮೈಕಟ್ಟು ನೋಡಿ ತಿರುಗಿ ಕಳಿಸದೆ, ಆಡಿಸಿ ನೋಡಿಯೇ ತೀರ್ಮಾನಿಸಬೇಕು.

24. ಓಟ, ಜಿಗಿತ, ಬಸ್ಕಿಗಳನ್ನು ದಪ್ಪಗಿರುವವರಿಗೆ ಶಿಕ್ಷೆಯಾಗಿ ಕೊಡುವುದು ದೈಹಿಕ ಶಿಕ್ಷೆಯೆಂದೇ ದಾಖಲಾಗಬೇಕು.

25. ಓಬವ್ವ ಆತ್ಮರಕ್ಷಣೆ ಕಲೆಯ ತರಬೇತಿ ಪ್ರದರ್ಶನಕ್ಕೆ ಆರಿಸಿದ ಕೆಲವರಿಗಷ್ಟೇ ಸಿಗದೆ ತರಗತಿಯ ಎಲ್ಲ ಹುಡುಗಿಯರಿಗೂ ಸಿಗಬೇಕು.

26. ಬಿಸಿಯೂಟದ ಸಾಲಿನಲ್ಲಿ ಎರಡನೇ ಸಲ ಅನ್ನ, ಮೊಟ್ಟೆ, ಬಾಳೆಹಣ್ಣು ಕೇಳಿದ ಮಗುವಿನ ಮೈಯ ಬಗ್ಗೆ ಬಡಿಸುವವರಾಗಲಿ, ನೋಡಿಕೊಳ್ಳುವ ಶಿಕ್ಷಕರಾಗಲಿ ಒಂದು ಮಾತೂ ಆಡಕೂಡದು.

27. ಡಬ್ಬಿ ತರುವ ಖಾಸಗಿ ಶಾಲೆಗಳಲ್ಲಿ ದಿನವೂ ಊಟ ಬಿಡುವ ಹುಡುಗಿಯನ್ನು ತರಗತಿ ಶಿಕ್ಷಕಿ ಗಮನಿಸಿ, ಗದರಿಸದೆ, ಒಂದು ವಾರದೊಳಗೆ ಪೋಷಕರೊಡನೆ ಮಾತಾಡಬೇಕು.

28. ಸಮವಸ್ತ್ರದ ಅಳತೆಯನ್ನು ಮಹಿಳೆಯರೇ ಮರೆಯಲ್ಲಿ ತೆಗೆದುಕೊಂಡು, ವರ್ಷದ ನಡುವೆ ಬಿಗಿಯಾದರೆ ಬದಲಿಸಿಕೊಳ್ಳಲು ಅವಕಾಶ ಕೊಡಬೇಕು.

29. ಹೊಸದಾಗಿ ದೊಡ್ಡವಳಾದ ಹುಡುಗಿ ಮೈ ಮುಚ್ಚಿಕೊಳ್ಳಲು ತಾನೇ ಬಯಸಿ ಹಾಕಿದ ಜಾಕೆಟ್ಟನ್ನೋ ಹೊದ್ದ ವೇಲನ್ನೋ ಶಿಸ್ತಿನ ಹೆಸರಿನಲ್ಲಿ ಎಲ್ಲರೆದುರು ತೆಗೆಸಕೂಡದು.

30. ಚಿಲಕ, ನೀರು, ಬುಟ್ಟಿ ಇರುವ ಶೌಚಾಲಯವೂ ಶುಚಿ ಯೋಜನೆಯ ಸ್ಯಾನಿಟರಿ ಪ್ಯಾಡುಗಳೂ ತಿಂಗಳು ತಪ್ಪದೆ ಸಿಗುತ್ತಿವೆಯೇ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳು ಖುದ್ದು ನೋಡಿ ದಾಖಲಿಸಬೇಕು.

ಪೋಷಕರ ಸಭೆ ಮತ್ತು ನಿರೀಕ್ಷೆ

ಪೋಷಕರ ನಿರೀಕ್ಷೆ ಮನೆಯಲ್ಲಿ ಹುಟ್ಟಿದರೂ ಅದಕ್ಕೆ ಮೈಕು ಸಿಗುವುದು ಶಾಲೆಯ ಸಭೆಯಲ್ಲಿ. ರ‍್ಯಾಂಕು ಓದುವುದು, ಅಕ್ಕಪಕ್ಕದ ಮಕ್ಕಳೊಂದಿಗೆ ಹೋಲಿಸುವುದು, ಕೊನೆಗೆ "ಸ್ವಲ್ಪ ದಪ್ಪ ಆಗಿದಾಳೆ, ಮೊಬೈಲ್ ಜಾಸ್ತಿ ಅನ್ಸುತ್ತೆ" ಎಂದು ತಾಯಿಗೆ ಬುದ್ಧಿ ಹೇಳುವುದು ಎಲ್ಲವೂ ಮಗಳು ಪಕ್ಕದಲ್ಲೇ ನಿಂತಿರುವಾಗ ನಡೆಯುತ್ತದೆ. ಸಭೆ ಕರೆಯುವ ಅಧಿಕಾರ ಶಾಲೆಯದ್ದು; ಅದರ ಮರ್ಯಾದೆ ಕಾಯುವ ಹೊಣೆಯೂ ಶಾಲೆಯದ್ದೇ.

31. ಪೋಷಕರ ಸಭೆಯಲ್ಲಿ ಅಂಕ, ರ‍್ಯಾಂಕುಗಳನ್ನು ಸಾರ್ವಜನಿಕವಾಗಿ ಓದದೆ ಪ್ರತಿ ಕುಟುಂಬದೊಡನೆ ಪ್ರತ್ಯೇಕವಾಗಿ ಮಾತಾಡಬೇಕು.

32. ಮಗುವಿನ ತೂಕ, ಬಣ್ಣಗಳ ಬಗ್ಗೆ ಸಭೆಯಲ್ಲಿ ಪೋಷಕರೇ ದೂರಲು ತೊಡಗಿದರೂ ಶಿಕ್ಷಕರು ಅದಕ್ಕೆ ದನಿಗೂಡಿಸದೆ ಮಾತನ್ನು ಕಲಿಕೆಗೆ ಮರಳಿಸಬೇಕು.

33. "ಸಮುದಾಯದತ್ತ ಶಾಲೆ" ಕಾರ್ಯಕ್ರಮದ ಕಾರ್ಯಸೂಚಿಯಲ್ಲಿ ಹದಿಹರೆಯದ ಬೆಳವಣಿಗೆ, ಆಹಾರ ಮತ್ತು ಮೈಯ ಬಗೆಗಿನ ಮಾತುಗಳ ಪರಿಣಾಮ ಎಂಬ ವಿಷಯವನ್ನು ವರ್ಷಕ್ಕೊಮ್ಮೆಯಾದರೂ ಸೇರಿಸಬೇಕು.

34. ಕಾರ್ಖಾನೆ, ಅಂಗಡಿ, ಗಾರ್ಮೆಂಟ್ಸ್ ಕೆಲಸದ ಪೋಷಕರು, ವಿಶೇಷವಾಗಿ ತಂದೆಯರು, ಬರಲಾಗುವಂತೆ ಇಂಥ ಸಭೆಗಳನ್ನು ಭಾನುವಾರವೋ ಸಂಜೆಯೋ ಕರೆಯಬೇಕು.

35. 1965ರಿಂದ ಈ ಭಾಗದ ಮನೆಮನೆಗೆ ಕೇಳುತ್ತಿರುವ ಭದ್ರಾವತಿ ಆಕಾಶವಾಣಿಯ ಸಹಯೋಗದಲ್ಲಿ, ವೈದ್ಯರು ಮತ್ತು ಶಿಕ್ಷಕರು ಪೋಷಕರ ಪ್ರಶ್ನೆಗಳಿಗೆ ಉತ್ತರಿಸುವ ಸರಣಿಯೊಂದನ್ನು ಇಲಾಖೆ ರೂಪಿಸಬೇಕು.

36. ಒಂಬತ್ತು, ಹತ್ತನೇ ತರಗತಿಯ ಹುಡುಗಿಯರನ್ನು ಅಂಕದ ಮೇಲೆ ಬ್ಯಾಚು ಮಾಡಿ ಬೇರೆ ಕೂರಿಸುವುದನ್ನು, ಎಲ್ಲರೆದುರು ಅವಮಾನಿಸುವುದನ್ನು ಶಾಲೆಗಳೂ ಟ್ಯೂಷನ್ ಕೇಂದ್ರಗಳೂ ಸುಪ್ರೀಂ ಕೋರ್ಟಿನ ಮಾರ್ಗಸೂಚಿಯಂತೆ ನಿಲ್ಲಿಸಬೇಕು.

37. ಓದು ಬಿಡಿಸಿ ಮದುವೆಯ ಮಾತು ಶುರುವಾಗಿದೆ ಎಂಬ ಸುಳಿವು ಸಿಕ್ಕ ಶಾಲೆ ಸುಮ್ಮನಿರದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಆಪ್ತಸಮಾಲೋಚನೆ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯನ್ನು ನಿಮ್ಹಾನ್ಸ್ ಕಟ್ಟಿದ್ದು ನಮ್ಮದೇ ಬಳ್ಳಾರಿಯಲ್ಲಿ. 1996ರಲ್ಲಿ ದೇಶ ಅದನ್ನು ಸ್ವೀಕರಿಸಿತು. ದೇಶಕ್ಕೆ ದಾರಿ ತೋರಿದ ರಾಜ್ಯದಲ್ಲಿ ಶಾಲೆಯ ಹುಡುಗಿಗೆ ಮನಸ್ಸು ಬಿಚ್ಚಿ ಮಾತಾಡಲು ಒಂದು ಕುರ್ಚಿ ಇಲ್ಲವೆಂದರೆ ಒಪ್ಪಲಾಗದು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕೆಂಬುದು ಸುಪ್ರೀಂ ಕೋರ್ಟಿನ ಮಾತು.

38. ನೂರಕ್ಕೆ ಮೇಲ್ಪಟ್ಟು ಮಕ್ಕಳಿರುವ ಯಾವ ಯಾವ ಶಾಲೆಯಲ್ಲಿ ಆಪ್ತಸಮಾಲೋಚಕರಿದ್ದಾರೆ, ಯಾವುದರಲ್ಲಿ ಇಲ್ಲ ಎಂಬ ಪಟ್ಟಿಯನ್ನು ತಾವು 30 ದಿನಗಳೊಳಗೆ ಪ್ರಕಟಿಸಬೇಕು.

39. ಅದಕ್ಕಿಂತ ಚಿಕ್ಕ ಶಾಲೆಗಳನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಜೋಡಿಸಿ, ತಂಡ ಶಾಲೆಗೆ ಬರುವ ದಿನವನ್ನು ಮೊದಲೇ ಗೊತ್ತುಮಾಡಬೇಕು.

40. ಗಣಿತ ಶಿಕ್ಷಕರಿಗೋ ದೈಹಿಕ ಶಿಕ್ಷಕರಿಗೋ ಹೆಚ್ಚುವರಿ ಹೊಣೆ ಕೊಟ್ಟು ಆಪ್ತಸಮಾಲೋಚಕರೆಂದು ಕಾಗದದಲ್ಲಿ ತೋರಿಸುವುದನ್ನು ಒಪ್ಪಕೂಡದು.

41. ಹುಡುಗಿ ಹೇಳಿಕೊಂಡ ಮಾತನ್ನು, ಅವಳ ಜೀವಕ್ಕೆ ಅಪಾಯವಿದ್ದ ಸಂದರ್ಭದ ಹೊರತು, ಸ್ಟಾಫ್ ರೂಮಿಗಾಗಲಿ ಮನೆಗಾಗಲಿ ಒಯ್ಯಕೂಡದು.

42. ಟೆಲಿ-ಮಾನಸ್ 14416 ಮತ್ತು 1098 ಸಂಖ್ಯೆಗಳನ್ನು ಪ್ರತಿ ತರಗತಿ, ಹುಡುಗಿಯರ ಶೌಚಾಲಯ, ಹಾಸ್ಟೆಲ್ ಮತ್ತು ಶಾಲಾ ವಾಹನದಲ್ಲಿ ಕನ್ನಡದಲ್ಲಿ ಬರೆಸಬೇಕು.

ಕ್ರೀಮು ಮತ್ತು ಜಾಹೀರಾತು

1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಆ್ಯಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ಫೇರ್ ಎಂಬುದನ್ನು ಕಳಚಿಕೊಂಡಿತು. ನಮ್ಮ ಮನೆಗಳ ಮಾತಿನಿಂದ ಅದು ಕಳಚಿಲ್ಲ. ಎತ್ತರ ಹೆಚ್ಚಿಸುವ, ಬೊಜ್ಜು ಕರಗಿಸುವ ಔಷಧಗಳ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಸ್ಟಿರಾಯ್ಡ್ ಇರುವ 14 ಬಗೆಯ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿಯಮ 2018ರಲ್ಲಿ ಬಂದಿದೆ. ಬೆಳ್ಳಗಾಗಲೆಂದು ಅವನ್ನು ತಿಂಗಳುಗಟ್ಟಲೆ ಹಚ್ಚಿದ ಚರ್ಮ ತೆಳುವಾಗುತ್ತದೆ, ಕೆಂಪಾಗುತ್ತದೆ, ಮೊಡವೆಯೇಳುತ್ತದೆ.

43. ಶಾಲೆಯ ಆವರಣ, ಗೋಡೆ, ಡೈರಿ, ಕಾರ್ಯಕ್ರಮದ ಬ್ಯಾನರುಗಳಲ್ಲಿ ಸೌಂದರ್ಯ ಸಾಧನ, ತೂಕ ಇಳಿಸುವ ಪುಡಿ, ಎತ್ತರ ಹೆಚ್ಚಿಸುವ ಟಾನಿಕ್ಕುಗಳ ಜಾಹೀರಾತು, ಪ್ರಾಯೋಜಕತ್ವ, ಮಾದರಿ ಹಂಚಿಕೆ ಯಾವುದಕ್ಕೂ ಅನುಮತಿ ಇರಕೂಡದು.

44. ಗಾಂಧಿ ಬಜಾರ್, ದುರ್ಗಿಗುಡಿ, ಬಿ.ಎಚ್. ರಸ್ತೆಗಳೂ ಸೇರಿದಂತೆ ಎರಡೂ ನಗರಗಳ ಔಷಧಿ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸ್ಟಿರಾಯ್ಡ್ ಮುಲಾಮು ಮಾರಾಟವಾಗುತ್ತಿದೆಯೇ ಎಂದು ಔಷಧ ನಿಯಂತ್ರಣ ಇಲಾಖೆಯಿಂದ ಜಿಲ್ಲಾಧಿಕಾರಿಗಳು ತಪಾಸಣೆ ಮಾಡಿಸಬೇಕು.

45. ಹುಡುಗಿಯರು ಹಚ್ಚುತ್ತಿರುವ ಕ್ರೀಮುಗಳ ಬಗ್ಗೆ ಚರ್ಮವೈದ್ಯರೊಬ್ಬರು ಪ್ರತಿ ಪ್ರೌಢಶಾಲೆಯಲ್ಲಿ ವರ್ಷಕ್ಕೊಮ್ಮೆ ಮಾತಾಡುವಂತೆ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೊಡನೆ ಇಲಾಖೆ ಏರ್ಪಾಡು ಮಾಡಿಕೊಳ್ಳಬೇಕು.

ದೂರು ಮತ್ತು ಉತ್ತರದಾಯಿತ್ವ

ದೂರು ಕೊಟ್ಟ ಹುಡುಗಿಯನ್ನೇ "ಸೆನ್ಸಿಟಿವ್" ಎಂದು ಕರೆದು ಕಡತ ಮುಚ್ಚುವುದು ಇದುವರೆಗಿನ ರೂಢಿ. ಅದು ಇಲ್ಲಿಗೆ ಮುಗಿಯಬೇಕು.

46. ಪ್ರತಿ ಶಾಲೆಯ ಮಕ್ಕಳ ರಕ್ಷಣಾ ಸಮಿತಿಯಲ್ಲಿ ಇಬ್ಬರು ವಿದ್ಯಾರ್ಥಿನಿಯರು ಮತ್ತು ಒಬ್ಬ ತಾಯಿ ಇರಬೇಕು, ಅವರ ಹೆಸರನ್ನು ಬೋರ್ಡಿನಲ್ಲಿ ಬರೆಸಬೇಕು.

47. ದೂರು ಪೆಟ್ಟಿಗೆಯ ಬೀಗದ ಕೈ ಮುಖ್ಯ ಶಿಕ್ಷಕರ ಬಳಿ ಮಾತ್ರ ಇರದೆ, ಸಮಿತಿಯ ಎದುರೇ ವಾರಕ್ಕೊಮ್ಮೆ ಪೆಟ್ಟಿಗೆ ತೆರೆಯಬೇಕು.

48. ಮೈಯ ಬಗ್ಗೆ ಆಡಿದ ಮಾತು ಲೈಂಗಿಕ ಉದ್ದೇಶದ್ದಾಗಿದ್ದರೆ ಅದನ್ನು ಶಾಲೆಯ ಮಟ್ಟದಲ್ಲಿ ರಾಜಿ ಮಾಡಿಸದೆ ಪೋಕ್ಸೊ ಕಾಯ್ದೆ 2012ರಂತೆ ಪೊಲೀಸರಿಗೆ ಕೂಡಲೇ ತಿಳಿಸಬೇಕು.

49. ದೂರು ಕೊಟ್ಟ ವಿದ್ಯಾರ್ಥಿನಿಯ ಆಂತರಿಕ ಅಂಕ, ಹಾಲ್ ಟಿಕೆಟ್, ವರ್ಗಾವಣೆ ಪತ್ರಗಳಿಗೆ ತೊಂದರೆಯಾದರೆ ಅದನ್ನು ಪ್ರತೀಕಾರವೆಂದು ಪರಿಗಣಿಸಿ ಸಂಬಂಧಪಟ್ಟವರ ಮೇಲೆ ಶಿಸ್ತುಕ್ರಮ ಜರುಗಿಸಬೇಕು.

50. ರಾಜ್ಯ ಸರ್ಕಾರದ ನಿರಾಕ್ಷೇಪಣಾ ಪತ್ರ ಪಡೆದು ನಡೆಯುವ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳು "ನಮ್ಮ ಬೋರ್ಡು ಬೇರೆ" ಎಂದು ನುಣುಚಿಕೊಳ್ಳಲು ಬಿಡದೆ ಈ ಎಲ್ಲ ಆದೇಶಗಳನ್ನು ಅವುಗಳಿಗೂ ಅನ್ವಯಿಸಬೇಕು.

51. ಸುಪ್ರೀಂ ಕೋರ್ಟು ಹೇಳಿರುವಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮೇಲ್ವಿಚಾರಣಾ ಸಮಿತಿಯ ಸದಸ್ಯರು ಯಾರು, ಅದು ಎಂದು ಸೇರಿತು, ಏನು ತೀರ್ಮಾನಿಸಿತು ಎಂಬುದನ್ನು ಸಾರ್ವಜನಿಕರಿಗೆ ತಿಳಿಸಬೇಕು.

52. ಬಂದ ದೂರುಗಳೆಷ್ಟು, ಇತ್ಯರ್ಥವಾದವೆಷ್ಟು ಎಂಬ ಶಾಲಾವಾರು ಲೆಕ್ಕವನ್ನು, ಮಕ್ಕಳ ಹೆಸರು ಬಿಟ್ಟು, ಪ್ರತಿ ಶೈಕ್ಷಣಿಕ ವರ್ಷದ ಕೊನೆಗೆ ತಮ್ಮ ಕಚೇರಿ ಪ್ರಕಟಿಸಬೇಕು.

ಮಾನ್ಯರೇ, ಇವುಗಳಲ್ಲಿ ಬಹುಪಾಲು ಬೇಡಿಕೆಗಳಿಗೆ ಹೊಸ ಅನುದಾನ ಬೇಕಿಲ್ಲ. ತಮ್ಮ ಸಹಿ ಬೇಕು. ಹಣ ಬೇಕಾದವಕ್ಕೆ, ಅಂದರೆ ಆಪ್ತಸಮಾಲೋಚಕರ ನೇಮಕ, ತರಬೇತಿ, ಶೌಚಾಲಯಗಳಿಗೆ, ಪ್ರಸ್ತಾವನೆ ಕಳಿಸುವ ಅಧಿಕಾರವೂ ತಮ್ಮದೇ. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನ ಎಲ್ಲವೂ ಜಾರಿಯಾಗಿರಬೇಕು.

ಈ ಪತ್ರ ತಲುಪಿದ 30 ದಿನಗಳೊಳಗೆ ನಮಗೆ ಸಂಖ್ಯಾವಾರು ಲಿಖಿತ ಉತ್ತರ ಬರಬೇಕು: ಒಪ್ಪಿದ ಬೇಡಿಕೆಗೆ ಜಾರಿಯ ದಿನಾಂಕ ಮತ್ತು ಹೊಣೆ ಹೊತ್ತ ಅಧಿಕಾರಿಯ ಹುದ್ದೆ, ಒಪ್ಪದ ಬೇಡಿಕೆಗೆ ಕಾರಣ. "ಪರಿಶೀಲಿಸಲಾಗುವುದು" ಎಂಬ ಒಂದು ಸಾಲನ್ನು ಉತ್ತರವೆಂದು ಸ್ವೀಕರಿಸುವುದಿಲ್ಲ. ಅವಧಿ ಮೀರಿದರೆ ಇದೇ ಪತ್ರವನ್ನು ದೂರಾಗಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಸಲ್ಲಿಸಿ, ಉತ್ತರ ಕೊಡದ ಕಚೇರಿಯನ್ನು ಅದರಲ್ಲಿ ಪ್ರತಿವಾದಿಯಾಗಿ ಹೆಸರಿಸುತ್ತೇವೆ.

ಇತಿ,
ಶಿವಮೊಗ್ಗ ನಗರ ಮತ್ತು ಭದ್ರಾವತಿಯ ವಿದ್ಯಾರ್ಥಿನಿಯರ ಪೋಷಕರು